ದ್ರಾಕ್ಷಿಯ ನಾಡಿನಲ್ಲಿ ಎಪ್ಪತ್ತೈದು

ತಂದೆತಾಯಿಗಳಿಗೆ ಎಪ್ಪತ್ತೈದು ತುಂಬಿದಾಗ ಮನೆಯಂಗಳದಲ್ಲಿ ಆರತಿ ಬೆಳಗಿ, ಶಾಲು ಹೊದಿಸಿ, ಬಂಧುಬಳಗಕ್ಕೆ ಹೋಳಿಗೆಯ ಊಟ ಹಾಕಿಸುವ ಪದ್ಧತಿ ಗಡಿನಾಡಿನ ಕನ್ನಡ ಮನೆಗಳಲ್ಲಿ ಇಂದಿಗೂ ಉಳಿದಿದೆ. ಈಚೆಗೆ ಅದರೊಡನೆ ಪ್ರವಾಸವೂ ಸೇರಿಕೊಂಡಿದೆ. ಪುಣೆ, ಮುಂಬಯಿಗಳಲ್ಲಿ ನೆಲೆಸಿದ ಮಕ್ಕಳು ಹಿರಿಯರನ್ನು ನಾಶಿಕದ ವೈನ್ ತೋಟಗಳಿಗೆ ಕರೆದೊಯ್ಯುತ್ತಾರೆ. 1999ರಲ್ಲಿ ಸುಲಾ ಸಂಸ್ಥೆ ಆರಂಭವಾಯಿತು. 2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣ ನೀತಿಯನ್ನು ಪ್ರಕಟಿಸಿತು. ಆ ಬಳಿಕ ಗಂಗಾಪುರ ಜಲಾಶಯದ ಸುತ್ತಣ ಪ್ರದೇಶ ಇಂಥ ವಿಹಾರಕ್ಕೆ ಹೆಸರಾಗಿದೆ.

ಅಕ್ಕಲಕೋಟ ತಾಲೂಕಿನ ರೈತರೊಬ್ಬರಿಗೆ ಫೆಬ್ರುವರಿಯಲ್ಲಿ ಎಪ್ಪತ್ತೈದು ತುಂಬಿತು. ಮೂರು ದಶಕ ದ್ರಾಕ್ಷಿ ಬೆಳೆದವರು. ಮದ್ಯವನ್ನು ಎಂದೂ ಮುಟ್ಟಿದವರಲ್ಲ. ಅವರ ತೋಟದ ಗೊನೆಗಳು ಪಕ್ವವಾಗಿ ವ್ಯಾಪಾರಿಯ ದಾರಿ ಕಾಯುತ್ತಿದ್ದ ವಾರವೇ ಮಕ್ಕಳು ಬಾಗಿಲಿಗೆ ಕಾರು ತಂದು ನಿಲ್ಲಿಸಿದರು. ನಾಶಿಕದಲ್ಲಿ ಕೋಣೆ ಕಾಯ್ದಿರಿಸಿಯಾಗಿತ್ತು, ಕೇಕಿಗೆ ಹೇಳಿಯಾಗಿತ್ತು. ಮಕ್ಕಳ ಪ್ರೀತಿಗೆ ಇಲ್ಲವೆನ್ನಲಾರದೆ ಅವರು ಹೊರಟರು.

ತೋಟದ ಮಾರ್ಗದರ್ಶಿ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರೆ, ಊರಿನ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುವ ಮೊಮ್ಮಗಳು ಅಜ್ಜನಿಗೆ ಕನ್ನಡದಲ್ಲಿ ಹೇಳುತ್ತ ನಡೆದಳು. ರುಚಿ ನೋಡುವ ಕೋಣೆಯಲ್ಲಿ ಅಜ್ಜ ಸುಮ್ಮನೆ ಕುಳಿತಿದ್ದು, ಅವಳೊಡನೆ ಬಳ್ಳಿಗಳ ಸಾಲಿಗೆ ಇಳಿದರು. ಹಣ್ಣು ತೀರ ಸಣ್ಣದು, ಒಳಗೆ ಬೀಜ, ಸಿಪ್ಪೆ ದಪ್ಪ. ಬೆಳೆ ಕೆಟ್ಟಿದೆಯೇ ಎಂದು ಅಲ್ಲಿದ್ದ ಕೂಲಿಯವನನ್ನು ಮರಾಠಿಯಲ್ಲಿ ಕೇಳಿದರು. ವೈನಿನ ಬಣ್ಣವೂ ಒಗರೂ ಸಿಪ್ಪೆಯಿಂದಲೇ ಬರುವುದರಿಂದ ಸಣ್ಣ ಹಣ್ಣೇ ಬೇಕು, ಕಾಯಿ ಹಿಗ್ಗಿಸಲು ನೀವು ಬಳಸುವ ಜಿಬ್ಬರೆಲಿನ್ ಇಲ್ಲಿ ಬೇಡ ಎಂದು ಅವನು ತಿಳಿಸಿದ. ಅಜ್ಜ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಬೀಜವನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಆ ದಿನ ಅವರ ಮುಖ ಅರಳಿದ್ದು ಆಗಲೇ. ಚಾಟನಿ, ನೀರು, ಕೂಲಿಯ ದರ ಎಂದು ಇಬ್ಬರ ಮಾತು ಬಹಳ ಹೊತ್ತು ನಡೆಯಿತು.

ರಾತ್ರಿ ಕೇಕು ಕತ್ತರಿಸಿದ ಮೇಲೆ ಹಿರಿಯ ಮಗ ವಿಷಯವೆತ್ತಿದರು: ಇನ್ನು ದುಡಿದದ್ದು ಸಾಕು, ತೋಟವನ್ನು ಮಕ್ಕಳ ಹೆಸರಿಗೆ ಮಾಡಿ ಪುಣೆಗೆ ಬಂದುಬಿಡಿ. ದಾನಪತ್ರದ ಕರಡು ಚೀಲದಲ್ಲಿತ್ತು. ಅದರಲ್ಲಿ ಮೋಸವಿರಲಿಲ್ಲ, ತಂದೆಯ ವಯಸ್ಸಿನ ಚಿಂತೆಯಿತ್ತು. ತಂದೆ ಮಾತಾಡಲಿಲ್ಲ. ಮೊಮ್ಮಗಳು ಕೇಳಿದಳು: "ಅಜ್ಜಾ, ನಿನಗ ಏನ್ ಬೇಕು?" ಅವರು ಹೇಳಿದರು: "ನಾಳೆ ಊರಿಗೆ ಹೋಗೂಣು. ಗೊನಿ ಕೊಯ್ಯೂದು ನಾನೇ ನೋಡಬೇಕು."

ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕ್ಷೇಮ ಕಾಯ್ದೆ 2007ರಲ್ಲಿ ಬಂದಿತು. ಅನ್ನ, ಬಟ್ಟೆ, ವಸತಿ, ವೈದ್ಯೋಪಚಾರಗಳನ್ನು ಅದು ಪೋಷಣೆಯಲ್ಲಿ ಸೇರಿಸಿದೆ. ಅವುಗಳನ್ನು ಒದಗಿಸಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವರು ಮಾತು ತಪ್ಪಿದರೆ, ಅನೂರ್ಜಿತವೆಂದು ಸಾರಿಸಿಕೊಳ್ಳುವ ಹಕ್ಕನ್ನು 23ನೆಯ ಕಲಮು ಹಿರಿಯರಿಗೆ ನೀಡುತ್ತದೆ. ಆದುದರಿಂದ ಆ ಷರತ್ತು ಬಾಯಿಮಾತಿನಲ್ಲಿ ಉಳಿಯದೆ ಪತ್ರದಲ್ಲಿಯೇ ಸ್ಪಷ್ಟವಾಗಿ ಇರುವುದು ಲೇಸು. 1882ರ ಆಸ್ತಿ ಹಸ್ತಾಂತರ ಕಾಯ್ದೆಯ 122ನೆಯ ಕಲಮಿನಂತೆ ದಾನವು ಸ್ವಇಚ್ಛೆಯಿಂದಲೇ ಆಗಬೇಕು. ಹಬ್ಬದ ಸಂಜೆ, ಮಕ್ಕಳ ಖರ್ಚಿನ ಔತಣದ ಎದುರು, ಹಿರಿಯರೊಬ್ಬರು ಬೇಡವೆನ್ನುವುದು ಸುಲಭವಲ್ಲ. ಇಂಥ ಕಾಗದವನ್ನು ಸಂಭ್ರಮದ ದಿನ ಮುಂದಿಡಬಾರದು. ಓದಿಸಿ, ಅರ್ಥ ತಿಳಿಸಿ, ಯೋಚಿಸಲು ಸಮಯ ಕೊಡಬೇಕು. ಹಿರಿಯರು ತಾವು ನಂಬಿದ ವಕೀಲರನ್ನು ಬೇರೆಯಾಗಿ ಕೇಳುವಂತಿರಬೇಕು. ಆದರೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿರೆಂದು ಯಾವ ಕಲಮೂ ಮಕ್ಕಳಿಗೆ ಆಜ್ಞಾಪಿಸಲಾರದು.

ಕರಡು ಚೀಲದಲ್ಲಿಯೇ ಉಳಿಯಿತು. ಮಾರನೆಯ ಬೆಳಗ್ಗೆ ಕಾರು ಅಕ್ಕಲಕೋಟದತ್ತ ತಿರುಗಿತು. ಕೊಯ್ಲಿನ ದಿನ ಇಬ್ಬರು ಮಕ್ಕಳೂ ರಜೆ ಹಾಕಿ ತೋಟದಲ್ಲಿ ನಿಂತರು. ಅವರ ಕೈಗೆ ಕತ್ತರಿ ಕೊಟ್ಟು, ಗೊನೆಯನ್ನು ಹಣ್ಣಿಗೆ ಕೈತಾಗದಂತೆ ತೊಟ್ಟಿನಿಂದ ಹಿಡಿಯುವುದು ಹೇಗೆಂದು ತಂದೆ ತೋರಿಸಿಕೊಟ್ಟರು.