ನಾಲಿಗೆ ತಿರುಗುವ ವಯಸ್ಸು

ಜೂನ್ ಬಂತೆಂದರೆ ನಮ್ಮ ಶೆಟ್ಟಿಹಳ್ಳಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಸ್ಕೂಲ್ ವ್ಯಾನುಗಳ ಹಾರನ್ನು. ನಾಲ್ಕು ವರ್ಷಗಳ ಹಿಂದೆ ಅಂಥದೊಂದು ಬೆಳಿಗ್ಗೆ, ಎಲ್‌ಕೆಜಿಗೆ ಹೊರಟ ಮಗನ ಟೈ ಸರಿಮಾಡುತ್ತಾ ಪಕ್ಕದ ಮನೆಯ ಹುಡುಗಿ ನನಗೆ ಹೇಳಿದಳು: "ಈಗ್ಲೇ ಇಂಗ್ಲಿಷಿಗೆ ಹಾಕ್ಲಿಲ್ಲ ಅಂದ್ರೆ ಆಮೇಲೆ ನಾಲಿಗೆ ತಿರುಗಲ್ಲ ಕಣಕ್ಕ." ಅವಳ ಅತ್ತೆ ಒಳಗಿನಿಂದಲೇ, "ಮನೇಲಿ ಅವನ ಜೊತೆ ಆ ಮಾತು ಆಡೋರು ಯಾರಮ್ಮ?" ಎಂದರು. ಇಬ್ಬರ ಮಾತಿಗೂ ಆಧಾರವಿದೆ ಎಂಬುದೇ ಈ ಪ್ರಶ್ನೆಯ ಕಷ್ಟ.

ಸೊಸೆಯ ಮಾತನ್ನು ಮೊದಲು ನೋಡೋಣ. ಕತ್ತೆ ಬೇರೆ, ಕಟ್ಟೆ ಬೇರೆ ಎಂದು ನಮಗೆ ಯಾರೂ ಕಲಿಸಿದ ನೆನಪಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸುಗಳು ಹಿಂದಿಯ ತಕಾರ ಟಕಾರಗಳನ್ನು ಬೇರೆಬೇರೆಯಾಗಿ ಕೇಳಿಸಿಕೊಳ್ಳುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಆ ಸೂಕ್ಷ್ಮ ಬಹುಮಟ್ಟಿಗೆ ಉಡುಗಿತ್ತು. ಸುತ್ತ ಕೇಳಿಸದ ಭೇದವನ್ನು ಮಿದುಳು ಗಮನದಿಂದ ಕೈಬಿಡುತ್ತದೆ, ಕೇಳಿಸುವುದನ್ನು ಹರಿತಗೊಳಿಸಿಕೊಳ್ಳುತ್ತದೆ. ಸ್ಕೂಲು ನಮ್ಮ ಹಿರಿಯರ ಬಾಯಲ್ಲಿ ಇಸ್ಕೂಲಾದದ್ದೂ ಹೀಗೆಯೇ. ಮೊದಲ ಭಾಷೆ ಹಾಕಿದ ಪಾತಿಯಲ್ಲೇ ಎರಡನೆಯದು ಹರಿಯಿತು.

ವ್ಯಾಕರಣದ ಮಾತೂ ಇದೆ. ಅಮೆರಿಕಕ್ಕೆ ವಲಸೆ ಹೋದ ಚೀನೀ ಮತ್ತು ಕೊರಿಯನ್ ಮನೆಮಾತಿನ 46 ಜನರನ್ನು ಜಾನ್ಸನ್ ಮತ್ತು ನ್ಯೂಪೋರ್ಟ್ 1989ರಲ್ಲಿ ಪರೀಕ್ಷಿಸಿದರು. ಏಳು ವರ್ಷದೊಳಗೆ ಅಲ್ಲಿಗೆ ಬಂದವರ ಇಂಗ್ಲಿಷ್ ಅಲ್ಲೇ ಹುಟ್ಟಿದವರಿಗೆ ಸಮನಾಗಿತ್ತು, ತಡವಾಗಿ ಬಂದವರದು ಹಿಂದೆ ಬಿತ್ತು. 1997ರಲ್ಲಿ ಇನ್ನೊಂದು ತಂಡ ಮಿದುಳಿನ ಸ್ಕ್ಯಾನ್ ನೋಡಿದಾಗ, ಎಳವೆಯಲ್ಲೇ ಎರಡು ಭಾಷೆ ಕಲಿತವರಲ್ಲಿ ಮಾತು ಕಟ್ಟುವ ಬ್ರೋಕಾ ಭಾಗದ ಒಂದೇ ಜಾಗ ಎರಡಕ್ಕೂ ದುಡಿಯುತ್ತಿತ್ತು, ದೊಡ್ಡವರಾಗಿ ಕಲಿತವರಲ್ಲಿ ಅಕ್ಕಪಕ್ಕದ ಬೇರೆ ಜಾಗಗಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೆ?

ಬೇಕು. ಆ ವಲಸೆಯ ಮಕ್ಕಳು ಬೀದಿಯಲ್ಲಿ, ಅಂಗಡಿಯಲ್ಲಿ, ಜಗಳದಲ್ಲಿ, ಆಟದಲ್ಲಿ ಇಂಗ್ಲಿಷಿನೊಳಗೇ ಇದ್ದವರು. ಅತ್ತೆ ಕೇಳಿದ್ದು ಇದನ್ನೇ. ಸಿಯಾಟಲ್‌ನ ಪೆಟ್ರೀಷಿಯಾ ಕುಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನೀ ಭಾಷೆಯವರು ಕುಳಿತು ಹನ್ನೆರಡು ಸಲ ಆಡಿಸುತ್ತ ಮಾತಾಡಿದರು. ಕೂಸುಗಳು ಆ ಭಾಷೆಯ ಸದ್ದನ್ನು ಹಿಡಿದವು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ಮಗುವಿನ ಕೈಗೆ ಮೊಬೈಲ್ ಕೊಟ್ಟು ಇಂಗ್ಲಿಷ್ ರೈಮ್ಸ್ ಹಾಕುವ ನಾವೆಲ್ಲ ಇದನ್ನು ತಿಳಿದಿರಬೇಕು.

ತರಗತಿಯ ಲೆಕ್ಕ ಇನ್ನೂ ಬೇರೆ. ಬಾರ್ಸಿಲೋನಾದ ಶಾಲೆಗಳಲ್ಲಿ ಎಂಟನೇ ವಯಸ್ಸಿಗೆ ಇಂಗ್ಲಿಷ್ ಶುರುಮಾಡಿದವರನ್ನೂ ಹನ್ನೊಂದಕ್ಕೆ ಶುರುಮಾಡಿದವರನ್ನೂ ಕಾರ್ಮೆನ್ ಮುನ್ಯೋಸ್ ತಂಡ ಹೋಲಿಸಿತು. ಅಷ್ಟೇ ಗಂಟೆಗಳ ಪಾಠ ಮುಗಿದಾಗ ಹೆಚ್ಚಿನ ಪರೀಕ್ಷೆಗಳಲ್ಲಿ ಮುಂದಿದ್ದವರು ತಡವಾಗಿ ಶುರುಮಾಡಿದವರು. ಸುಮಾರು 6.7 ಲಕ್ಷ ಜನರ ಉತ್ತರಗಳನ್ನು ಪರಿಶೀಲಿಸಿದ 2018ರ ಅಧ್ಯಯನವೂ ವ್ಯಾಕರಣ ಕಲಿಯುವ ಚುರುಕು ಹದಿನೇಳರವರೆಗೆ ಉಳಿಯುತ್ತದೆಂದು ಅಂದಾಜಿಸಿತು. ನಮ್ಮ ಜಿಲ್ಲೆಯದೇ ಪಾವಗಡದಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಶಾಲೆಗೆ ಬಂದು ಕನ್ನಡ ಕಲಿಯುತ್ತಾರೆ. ಆ ಎರಡು ಭಾಷೆಗಳೂ ಅವರಿಗೆ ಸಂತೆಯಲ್ಲಿ ಸಿಗುತ್ತವೆ. ಶೆಟ್ಟಿಹಳ್ಳಿಯ ಮಗುವಿಗೆ ಇಂಗ್ಲಿಷ್ ಸಿಗುವುದು ಟೀಚರ್ ಬಾಯಲ್ಲಿ ಮಾತ್ರ, ಅದೂ ಎಷ್ಟು ಹೊತ್ತು?

ಆದರೂ ಸೊಸೆಯ ಆತಂಕವನ್ನು ಮಿದುಳಿನ ಲೆಕ್ಕದಿಂದಷ್ಟೇ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಾಲ್ಕನೇ ತರಗತಿಯವರೆಗೆ ಮಾತೃಭಾಷೆಯಲ್ಲೇ ಪಾಠ ಎಂಬ 1994ರ ಸರ್ಕಾರಿ ಆದೇಶ 2014ರ ಮೇನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ದುಡ್ಡಿದ್ದವರ ದಾರಿ ಆಗಲೂ ಮುಚ್ಚಿರಲಿಲ್ಲ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಅನೇಕ ಸಾಹಿತಿಗಳು ವಿರೋಧಿಸಿದರು. ಉಳ್ಳವರ ಮಕ್ಕಳಿಗೆ ಸಿಕ್ಕಿದ್ದು ನಮ್ಮ ಮಕ್ಕಳಿಗೇಕೆ ಬೇಡ ಎಂದು ದಲಿತ ಸಂಘಟನೆಗಳ ಹಲವರು ಕೇಳಿದರು. ಆ ಪ್ರಶ್ನೆಗೆ ಸ್ಕ್ಯಾನಿನ ಚಿತ್ರ ಉತ್ತರವಾಗುವುದಿಲ್ಲ.

ನಾನು ಐದನೇ ಕ್ಲಾಸಿನಲ್ಲಿ ಎಬಿಸಿಡಿ ಬರೆದವಳು. ಇಂಗ್ಲಿಷಿನ ಎರಡು ಬಗೆಯ ವಕಾರ ಇಂದಿಗೂ ನನ್ನ ಬಾಯಲ್ಲಿ ಒಂದೇ. ಪುಸ್ತಕ ಓದುವುದಕ್ಕೆ ಅದು ಅಡ್ಡಿಯಾಗಿಲ್ಲ, ಆದರೆ ಇಂಟರ್‌ವ್ಯೂಗಳಲ್ಲಿ ಆಗಿದೆ. ಹಾಗಾಗಿ ಸದ್ದಿನ ವಿಷಯದಲ್ಲಿ ನಾನು ಸೊಸೆಯ ಕಡೆ: ಒಂದನೇ ಕ್ಲಾಸಿನಿಂದಲೇ, ಚೆನ್ನಾಗಿ ಮಾತಾಡಬಲ್ಲವರಿಂದ ಇಂಗ್ಲಿಷ್ ಕಿವಿಗೆ ಬೀಳಲಿ. ಲೆಕ್ಕ, ವಿಜ್ಞಾನದ ವಿಷಯದಲ್ಲಿ ಅತ್ತೆಯ ಕಡೆ. ಪದದ ಅರ್ಥ ಹುಡುಕುವುದರಲ್ಲೇ ಮಗುವಿನ ಗಮನವೆಲ್ಲ ಖರ್ಚಾದರೆ ಲೆಕ್ಕಕ್ಕೆ ಏನು ಉಳಿಯುತ್ತದೆ?

ಆ ಹುಡುಗ ಈಗ ಮೂರನೇ ಕ್ಲಾಸು. ಮೊನ್ನೆ ಸಂಜೆ ಅಡುಗೆಮನೆಯಲ್ಲಿ ಅಜ್ಜಿಗೆ 'ಇವ್ಯಾಪೊರೇಷನ್' ಎಂದು ಪಾಠ ಒಪ್ಪಿಸುತ್ತಿದ್ದ. ಉಚ್ಚಾರ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವನಮ್ಮನ ಮುಖ ಅರಳಿತು. "ಹಂಗಂದ್ರೆ ಏನಪ್ಪಾ?" ಎಂದು ಅಜ್ಜಿ ಕೇಳಿದರು. ಹುಡುಗ ಅದೇ ಸಾಲನ್ನು ಇನ್ನೊಮ್ಮೆ ಹೇಳಿದ. ಅಜ್ಜಿ ಮತ್ತೆ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಕಡೆ ಕೈ ತೋರಿಸಿ, "ಅದೇ ಅಜ್ಜಿ, ನೀರು ಆವಿಯಾಗಿ ಹೋಯ್ತದಲ್ಲ..." ಎಂದು ಶುರುಮಾಡಿದ.