ಕೈಗಾದಲ್ಲೇ ಕರೆಂಟು ಹೋದರೆ ಕಾಯುವವರು ಯಾರು?

ಮಳೆಗಾಲ ಹಿಡಿಯಿತೆಂದರೆ ಮಂಗಳೂರಿನಲ್ಲಿ ಕರೆಂಟು ಹೋಗುವುದು ಹೊಸ ಸಂಗತಿಯೇನಲ್ಲ. ತೆಂಗಿನ ಮಡಲು ತಂತಿ ಮೇಲೆ ಬಿತ್ತು, ಟ್ರಾನ್ಸ್‌ಫಾರ್ಮರ್ ಢಮಾರ್ ಎಂದಿತು, ಮೆಸ್ಕಾಂ ಲೈನ್‌ಮನ್‌ಗೆ ಫೋನು ಹೋಯಿತು, ಅಂಗಡಿಯವರು ಜನರೇಟರ್ ಚಾಲೂ ಮಾಡಿದರು. ಅಲ್ಲಿಗೆ ಮುಗಿಯಿತು. ಆದರೆ ಕರೆಂಟು ಹುಟ್ಟುವ ಜಾಗದಲ್ಲೇ ಕರೆಂಟು ಹೋದರೆ? ಅದೂ ಅಣುಸ್ಥಾವರದಲ್ಲಿ?

ನಮ್ಮದೇ ಕರಾವಳಿಯಲ್ಲಿ, ಕಾರವಾರ ತಾಲೂಕಿನ ಕಾಳಿ ನದಿಯ ದಂಡೆಯಲ್ಲಿ ಕೈಗಾ ಇದೆ. ತಲಾ 220 ಮೆಗಾವಾಟಿನ 4 ಘಟಕಗಳು. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಉತ್ಪಾದನೆಗಿಳಿದವು. ಈಗ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳನ್ನು ಅದೇ ಕಾಡಿನ ನಡುವೆ ಕಟ್ಟಲು ಹೊರಟಿದ್ದಾರೆ. ನಾಡಿಗೆ ಬೆಳಕು ಬೇಕು, ಒಪ್ಪೋಣ. ಆದರೆ ಬೆಳಕು ಕೊಡುವ ಕಾರ್ಖಾನೆಯ ತಂತಿ, ಬ್ಯಾಟರಿ, ಸ್ವಿಚ್ಚು, ಡೀಸೆಲ್ ಎಂಜಿನ್ನುಗಳನ್ನು ಪರೀಕ್ಷೆ ಮಾಡುವವರು ಯಾರು? ಆ ಪರೀಕ್ಷೆಯ ಫಲಿತಾಂಶ ನಮಗೆ ನಮ್ಮ ಭಾಷೆಯಲ್ಲಿ ಸಿಗುತ್ತದೆಯೇ? ಇವತ್ತಿನ ಪ್ರಶ್ನೆ ಇಷ್ಟೇ.

ಆರಿಸಿದರೂ ಆರದ ಒಲೆ

ಅಣು ರಿಯಾಕ್ಟರ್ ಎಂದರೆ ಸ್ವಿಚ್ಚು ಒತ್ತಿದ ಕೂಡಲೇ ತಣ್ಣಗಾಗುವ ಒಲೆಯಲ್ಲ. ಸರಣಿ ಕ್ರಿಯೆ ನಿಂತ ಮೇಲೂ ಇಂಧನದೊಳಗೆ ಶಾಖ ಹುಟ್ಟುತ್ತಲೇ ಇರುತ್ತದೆ. ನಿಂತ ಕ್ಷಣದಲ್ಲಿ ಅದು ಪೂರ್ಣ ಶಾಖದ ಶೇಕಡಾ 6ರಷ್ಟಿರುತ್ತದೆ. ಆ ಶಾಖವನ್ನು ನೀರು ಹೊತ್ತೊಯ್ಯಬೇಕು. ನೀರು ಹರಿಸಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಆದ್ದರಿಂದಲೇ ನಮ್ಮ ಭಾರಜಲ ಸ್ಥಾವರಗಳಲ್ಲಿ ವಿದ್ಯುತ್ತನ್ನು ನಾಲ್ಕು ದರ್ಜೆಗಳಾಗಿ ಇಟ್ಟಿರುತ್ತಾರೆ: ಹೊರಗಿನ ಗ್ರಿಡ್ಡಿನದು ಒಂದು, ಡೀಸೆಲ್ ಜನರೇಟರಿನದು ಒಂದು, ಇನ್ವರ್ಟರಿನದು ಒಂದು, ಕೊನೆಗೆ ಬ್ಯಾಟರಿಯದು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಬೇಕು.

ಕಾಗದದ ಮೇಲೆ ಬಲು ಚೆಂದ. ಆದರೆ ನಾಲ್ಕೂ ಒಟ್ಟಿಗೇ ಕೈಕೊಟ್ಟರೆ? "ಹಾಗೆ ಆಗುವುದೇ ಇಲ್ಲ" ಎನ್ನುವ ಮಹಾಶಯರಿಗೆ ನರೋರಾದ ಕಥೆ ನೆನಪಿಸೋಣ.

ನರೋರಾದ 17 ಗಂಟೆಗಳ ಕತ್ತಲು

1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾ ಸ್ಥಾವರದ ಒಂದನೇ ಘಟಕದಲ್ಲಿ ಟರ್ಬೈನಿನ ಎರಡು ಬ್ಲೇಡುಗಳು ಮುರಿದವು. ಯಂತ್ರ ಗಡಗಡ ನಡುಗಿತು. ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ ಸೋರಿ ಹೊತ್ತಿಕೊಂಡಿತು. ಬೆಂಕಿ ಕೇಬಲ್ಲಿಗೆ ಹಿಡಿಯಿತು. ಒಂದು ಸುಟ್ಟರೆ ಇನ್ನೊಂದಿರಲಿ ಎಂದು ಹಾಕಿದ್ದ ಬದಲಿ ಕೇಬಲ್ಲುಗಳೂ ಅದೇ ದಾರಿಯಲ್ಲಿ, ನಡುವೆ ಬೆಂಕಿ ತಡೆಯುವ ಗೋಡೆಯಿಲ್ಲದೆ ಸಾಗಿದ್ದವು! ಎಲ್ಲವೂ ಒಟ್ಟಿಗೇ ಸುಟ್ಟವು. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಸಿಬ್ಬಂದಿ ಹೊರಬೀಳಬೇಕಾಯಿತು. 17 ಗಂಟೆ ಕಾಲ ಆ ಘಟಕಕ್ಕೆ ಕರೆಂಟೇ ಇರಲಿಲ್ಲ.

ದೇಶವನ್ನು ಕಾಪಾಡಿದ್ದು ಯಾವ ಕಂಪ್ಯೂಟರೂ ಅಲ್ಲ, ಯಾವ ಬಾಬುವೂ ಅಲ್ಲ. ಕತ್ತಲಲ್ಲಿ ಟಾರ್ಚು ಹಿಡಿದು ಮೇಲಕ್ಕೆ ಹತ್ತಿ, ಬೋರಾನ್ ದ್ರಾವಣದ ವಾಲ್ವನ್ನು ಕೈಯಾರೆ ತಿರುಗಿಸಿದ ಕೆಲಸಗಾರರು. ಬೆಂಕಿ ನಂದಿಸಲು ಇಟ್ಟಿದ್ದ ಡೀಸೆಲ್ ಪಂಪಿನಿಂದ ಉಗಿ ಉತ್ಪಾದಕಗಳಿಗೆ ನೀರು ಬಿಟ್ಟು ರಿಯಾಕ್ಟರನ್ನು ತಣಿಸಿದ ಕೆಲಸಗಾರರು. ಅವರಿಗೆ ನಮ್ಮ ನಮಸ್ಕಾರ. ಅವರನ್ನು ಆ ಗತಿಗೆ ತಂದವರಿಗೆ ನಮ್ಮ ಪ್ರಶ್ನೆ.

ಏಕೆಂದರೆ ಈ ಪಾಠ ಹೊಸದಾಗಿರಲಿಲ್ಲ. 1975ರ ಮಾರ್ಚ್ 22ರಂದೇ ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ, ಗಾಳಿ ಎಲ್ಲಿ ಸೋರುತ್ತಿದೆಯೆಂದು ಮೇಣದಬತ್ತಿ ಹಿಡಿದು ನೋಡಲು ಹೋಗಿ ಕೇಬಲ್ಲಿಗೆ ಬೆಂಕಿ ಬಿದ್ದಿತ್ತು. ಮುಖ್ಯ ಕೇಬಲ್ಲನ್ನೂ ಬದಲಿ ಕೇಬಲ್ಲನ್ನೂ ಬೇರೆ ಬೇರೆ ದಾರಿಯಲ್ಲಿ ಒಯ್ಯಬೇಕೆಂದು ಜಗತ್ತಿಗೆಲ್ಲ ಅಂದೇ ಗೊತ್ತಾಗಿತ್ತು. 18 ವರ್ಷ ಕಳೆದರೂ ನರೋರಾದ ಗೋಡೆಗೆ ಆ ಪಾಠ ತಲುಪಿರಲಿಲ್ಲ. ನಕ್ಷೆ ನೋಡಿ ಸಹಿ ಹಾಕಿದವರು ಯಾರು? ಪರವಾನಗಿ ಕೊಟ್ಟವರು ಯಾರು? ನರೋರಾ ಸುಟ್ಟ ಮೇಲೆ ಉಳಿದ ಸ್ಥಾವರಗಳಲ್ಲಿ ಬ್ಲೇಡು, ಕೇಬಲ್ಲುಗಳ ತಿದ್ದುಪಡಿಯಾಯಿತು, ನಿಜ. ಕೈಗಾದ್ದೂ ಅದೇ ಜಾತಿಯ 220 ಮೆಗಾವಾಟಿನ ಘಟಕ. ಅಂದರೆ ನಮಗೆ ಸಿಕ್ಕ ಸುರಕ್ಷತೆ ಬೇರೆಯವರ ಮನೆಗೆ ಬಿದ್ದ ಬೆಂಕಿಯಿಂದ ಸಿಕ್ಕಿದ್ದು!

ಹೊರದೇಶದ ಕಥೆಯೂ ಬೇರೆಯಲ್ಲ. 2006ರ ಜುಲೈ 25ರಂದು ಸ್ವೀಡನ್ನಿನ ಫಾರ್ಸ್‌ಮಾರ್ಕ್‌ನಲ್ಲಿ ಸ್ವಿಚ್‌ಯಾರ್ಡಿನ ಒಂದು ಶಾರ್ಟ್ ಸರ್ಕ್ಯೂಟಿಗೆ ನಾಲ್ಕು ಬದಲಿ ವ್ಯವಸ್ಥೆಗಳಲ್ಲಿ ಎರಡು ನೆಲಕಚ್ಚಿದವು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪ ಗ್ರಿಡ್ಡನ್ನು ಕಡಿದರೆ, ಸುನಾಮಿ ಡೀಸೆಲ್ ಜನರೇಟರುಗಳನ್ನೂ ಸ್ವಿಚ್‌ಬೋರ್ಡುಗಳನ್ನೂ ಮುಳುಗಿಸಿತು. ಮೂರು ರಿಯಾಕ್ಟರುಗಳ ಒಡಲು ಕರಗಿತು. ಅಲ್ಲಿನ ಸಂಸತ್ತು ನೇಮಿಸಿದ ಆಯೋಗ 2012ರಲ್ಲಿ ಇದನ್ನು ಮನುಷ್ಯರೇ ತಂದುಕೊಂಡ ದುರಂತ ಎಂದು ಕರೆಯಿತು. ಕಂಪನಿ, ಸರಕಾರ, ಕಾವಲುಗಾರ ಮೂವರೂ ಒಂದಾಗಿದ್ದರು ಎಂದಿತು.

ಕಾವಲುಗಾರನ ಸಂಬಳ ಯಾರ ಕೈಯಲ್ಲಿ?

ನಮ್ಮ ಕಾವಲುಗಾರನ ಸ್ಥಿತಿ ನೋಡಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹುಟ್ಟಿದ್ದು 1983ರಲ್ಲಿ, ಅದೂ ಸರಕಾರದ ಒಂದು ಆದೇಶದಿಂದ. ಅದು ವರದಿ ಒಪ್ಪಿಸಬೇಕಾಗಿದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರ ನಡೆಸುವ ನಿಗಮವೂ ಅದೇ ಇಲಾಖೆಯದ್ದು! ಪರೀಕ್ಷೆ ಬರೆಯುವವನ ಅಪ್ಪನೇ ಪರೀಕ್ಷಕನ ಯಜಮಾನನಾದರೆ ಮಗ ನಪಾಸಾಗುವುದುಂಟೇ?

ಮಂಡಳಿಯ ಅಧ್ಯಕ್ಷರಾಗಿದ್ದ ಡಾ. ಎ. ಗೋಪಾಲಕೃಷ್ಣನ್ ಅವರ ಕಾಲದಲ್ಲಿ, 1995ರಲ್ಲಿ, ಇಲಾಖೆಯ ಸ್ಥಾವರಗಳ ಸುಮಾರು 130 ಸುರಕ್ಷತಾ ಲೋಪಗಳ ಪಟ್ಟಿ ತಯಾರಾಯಿತು. ಜನರ ಮುಂದೆ ಇಟ್ಟರೇ? ಇಲ್ಲ. 2012ರಲ್ಲಿ ಮಹಾಲೇಖಪಾಲರ ವರದಿ ಮಂಡಳಿಗೆ ಸ್ವಾತಂತ್ರ್ಯವೇ ಇಲ್ಲವೆಂದು ಬಿಡಿಸಿ ಹೇಳಿತು. ನಿಯಮ ಮುರಿದವರಿಗೆ ಆಗ ಇದ್ದ ಗರಿಷ್ಠ ದಂಡ ಎಷ್ಟು ಗೊತ್ತೇ? 500 ರೂಪಾಯಿ! ಹಂಪನಕಟ್ಟೆಯಲ್ಲಿ ಹೆಲ್ಮೆಟ್ಟಿಲ್ಲದೆ ಸ್ಕೂಟರ್ ಓಡಿಸಿ ಸಿಕ್ಕಿಬಿದ್ದವನು ಕಟ್ಟುವಷ್ಟು.

ಮಂಡಳಿಯನ್ನು ಬಿಡಿಸಲು 2011ರಲ್ಲಿ ತಂದ ಮಸೂದೆ ಲೋಕಸಭೆಯ ಅವಧಿಯೊಂದಿಗೇ ಸತ್ತಿತು. ಕೊನೆಗೆ 2025ರ ಡಿಸೆಂಬರಿನಲ್ಲಿ ಸಂಸತ್ತು 'ಶಾಂತಿ' ಎಂಬ ಹೊಸ ಕಾಯ್ದೆಯಲ್ಲಿ ಮಂಡಳಿಗೆ ಕಾನೂನಿನ ಸ್ಥಾನ ಕೊಟ್ಟಿತು. 42 ವರ್ಷ ಬೇಕಾಯಿತು! ಅದೇ ಕಾಯ್ದೆ ಅಣುವಿದ್ಯುತ್ತಿಗೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ, ಮಾಹಿತಿ ಮುಚ್ಚಿಡುವ ಅಧಿಕಾರವನ್ನೂ ಉಳಿಸಿಕೊಂಡಿದೆ. ಹೆಸರು ಶಾಂತಿ. ನಮಗೆ ಬೇಕಾದದ್ದು ಮೌನವಲ್ಲ ಸ್ವಾಮೀ, ಲೆಕ್ಕ!

ಕೈಗಾ ಕಲಿಸಿದ ಪಾಠ

ಕೈಗಾದ ಜಾತಕವೇನು ಸಾಮಾನ್ಯವೇ? 1994ರ ಮೇ 13ರಂದು, ಇನ್ನೂ ಕಟ್ಟುತ್ತಿರುವಾಗಲೇ, ಒಂದನೇ ಘಟಕದ ಒಳಗುಮ್ಮಟದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಬಿತ್ತು. 14 ಕಾರ್ಮಿಕರು ಗಾಯಗೊಂಡರು. ವಿಕಿರಣ ಹೊರಬಾರದಂತೆ ತಡೆಯಬೇಕಾದ ಗುಮ್ಮಟವದು! ಇಂಧನ ತುಂಬಿದ ಮೇಲೆ ಬಿದ್ದಿದ್ದರೆ? 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಸೇರಿ ಐವತ್ತಕ್ಕೂ ಹೆಚ್ಚು ನೌಕರರ ಮೈಗೆ ಹೋಯಿತು. ಒಳಗಿನವರೇ ಯಾರೋ ಬೇಕೆಂದೇ ಬೆರೆಸಿದ್ದಾರೆ ಎಂದು ಅಧಿಕಾರಿಗಳೇ ಹೇಳಿದರು.

ಅದೇ ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಅಂದಿನ ವಿಶ್ವದಾಖಲೆ ಬರೆಯಿತು. ಅಲ್ಲಿ ದುಡಿಯುವವರ ಜಾಣ್ಮೆಗೆ ಅದು ಸಾಕ್ಷಿ, ಹೆಮ್ಮೆ ಪಡೋಣ. ಆದರೆ ನರೋರಾದ ಕೇಬಲ್ಲೂ ಸುಡುವ ಹಿಂದಿನ ದಿನದವರೆಗೆ ಚೆನ್ನಾಗಿಯೇ ಇತ್ತು. ದಾಖಲೆಗೆ ಹಾರ ಹಾಕಿ ಕೂತರೆ ಸಾಲದು, ತಂತಿಯ ವಯಸ್ಸು ಯಾರಾದರೂ ಎಣಿಸುತ್ತಿರಬೇಕು.

ಅಪಾಯ ಕನ್ನಡಿಗರಿಗೆ, ವರದಿ ಇಂಗ್ಲಿಷಿನವರಿಗೆ!

ನಿಯಂತ್ರಣ ಮಂಡಳಿಯ ವಾರ್ಷಿಕ ವರದಿ ಇಂಗ್ಲಿಷಿನಲ್ಲಿ ಬರುತ್ತದೆ, ಹಿಂದಿಯಲ್ಲಿ ಬರುತ್ತದೆ. ಕೈಗಾ ಇರುವ ನಾಡಿನ ಭಾಷೆ ಯಾವುದು, ಮಹಾಸ್ವಾಮಿಗಳೇ? 2006ರ ಪರಿಸರ ಅಧಿಸೂಚನೆಯ ಪ್ರಕಾರ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ಸಾರಾಂಶ ಮಾತ್ರ. 5 ಮತ್ತು 6ನೇ ಘಟಕಗಳಿಗಾಗಿ 2018ರ ಡಿಸೆಂಬರಿನಲ್ಲಿ ಜನರ ಅಹವಾಲು ಕೇಳುವ ಸಭೆ ನಡೆಸಿದರು. ದಪ್ಪ ವರದಿ ಇಂಗ್ಲಿಷಿನವರಿಗೆ, ನಾಲ್ಕು ಪುಟದ ಪ್ರಸಾದ ಕನ್ನಡಿಗರಿಗೆ ಎಂದಾದರೆ ಅದೆಂಥ ಅಹವಾಲು? ಪರಿಸರ ಅಧಿಸೂಚನೆಯ ಹೊಸ ಕರಡನ್ನು ಸಂವಿಧಾನದ ಎಲ್ಲ 22 ಭಾಷೆಗಳಿಗೂ ಅನುವಾದಿಸಿ ಎಂದು 2020ರ ಜೂನ್ 30ರಂದು ದೆಹಲಿ ಹೈಕೋರ್ಟೇ ಹೇಳಿತಲ್ಲ, ಅಣುಸ್ಥಾವರಕ್ಕೆ ಬೇರೆ ನ್ಯಾಯವೇ? ಸೈರನ್ ಕೂಗಿದಾಗ ಎತ್ತ ಓಡಬೇಕೆಂದು ಡಿಕ್ಷನರಿ ತೆರೆದು ನೋಡಬೇಕೇ?

ಕಾರವಾರ ದೂರ ಎನ್ನಬೇಡಿ, ಮಂಗಳೂರಿಗರೇ. ಸಮುದ್ರ ಒಂದೇ, ಮೀನು ಒಂದೇ. ಪುತ್ತೂರಿನಲ್ಲಿದ್ದು ಬರೆದ ನಮ್ಮ ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡಕ್ಕೆ ಹೋಗಿ ಲೋಕಸಭಾ ಚುನಾವಣೆಗೇ ನಿಂತರು. ಸೋತರು, ಆದರೆ ಪ್ರಶ್ನೆ ಸೋಲಲಿಲ್ಲ. ಕೊಣಾಜೆಯ ನಮ್ಮ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಕೈಗಾ ಸುತ್ತಲಿನ ವಿಕಿರಣವನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಅಳೆಯುವ ವಿದ್ಯೆ ನಮ್ಮೂರಲ್ಲೇ ಇದೆ. ಅದು ಕನ್ನಡದಲ್ಲಿ ಮನೆಮನೆಗೆ ಬರಬೇಕು.

ನಮ್ಮ ಬೇಡಿಕೆಗಳು

1. ಕೈಗಾದ ಕೇಬಲ್, ಬ್ಯಾಟರಿ, ಡೀಸೆಲ್ ಜನರೇಟರುಗಳ ತಪಾಸಣಾ ವರದಿ ಪ್ರತಿವರ್ಷ ಕನ್ನಡದಲ್ಲಿ ಪ್ರಕಟವಾಗಲಿ. ಗುಟ್ಟಿನ ನೆಪ ಬೇಡ. ಬ್ಯಾಟರಿ ಹಳತಾಗಿದೆಯೇ ಎಂಬುದು ದೇಶದ ರಹಸ್ಯವಲ್ಲ.

2. ತಪಾಸಣೆಯಲ್ಲಿ ಇಲಾಖೆಯ ಹಂಗಿಲ್ಲದ ತಜ್ಞರಿರಲಿ. ರಾಜ್ಯ ಸರಕಾರಕ್ಕೂ ಅದರಲ್ಲಿ ಸ್ಥಾನವಿರಲಿ.

3. ಸ್ಥಾವರದ ಸುತ್ತಲಿನ 16 ಕಿಲೋಮೀಟರಿನ ತುರ್ತು ವಲಯದ ಪ್ರತಿ ಮನೆಗೂ ಕನ್ನಡದ ಕೈಪಿಡಿ ತಲುಪಲಿ. ಅಣಕು ಕಾರ್ಯಾಚರಣೆಯ ಪ್ರಕಟಣೆಗಳೆಲ್ಲ ಕನ್ನಡದಲ್ಲಿರಲಿ.

4. ಹೊಸ ಘಟಕಗಳ ಪೂರ್ಣ ವರದಿ ಕನ್ನಡದಲ್ಲಿ ಬರುವವರೆಗೆ ಮುಂದಿನ ಯಾವ ಪರವಾನಗಿಯೂ ಬೇಡ.

ಜಿಲ್ಲಾಧಿಕಾರಿಗಳಿಗೆ, ಸಂಸದರಿಗೆ, ಶಾಸಕರಿಗೆ ಇವತ್ತೇ ಪತ್ರ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಉತ್ತರವನ್ನೂ ಕನ್ನಡದಲ್ಲೇ ಕೇಳಿ. ನೆಲ ನಮ್ಮದು, ಕಾಳಿ ನೀರು ನಮ್ಮದು, ಅಪಾಯವೂ ನಮ್ಮದೇ ಆದಮೇಲೆ ಮಾಹಿತಿ ಮಾತ್ರ ಅನ್ಯರದ್ದೇಕೆ?

ಏಳಿ ಕನ್ನಡಿಗರೇ, ಕತ್ತಲಾಗುವ ಮೊದಲೇ ಕೇಳಿ!