ಗೆದ್ದೋರು ಅಂದ್ರೆ ಯಾರು?

ಹಾಸ್ಟೆಲಿನ ಗೆಳೆಯ ಗೆಳತಿಯರೇ,

ಊರಿಗೆ ಹೋದಾಗೆಲ್ಲ ನಮ್ಮನ್ನು ಕೇಳುವುದು ಒಂದೇ ಮಾತು: 'ಏನಪ್ಪಾ, ಕೆಲಸ ಆಯ್ತಾ?' ಆಯ್ತು ಅಂದ್ರೆ, 'ಸಂಬಳ ಎಷ್ಟು?' ಆಮೇಲೆ ಸೈಟು, ಆರ್‌ಸಿಸಿ ಮನೆ, ಕಾರು. ಇಷ್ಟಕ್ಕೂ ಹೂಂ ಅಂದವನು ಗೆದ್ದವನು, ಉಳಿದವರೆಲ್ಲ ಸೋತವರು. ಈ ಅಳತೆಗೋಲನ್ನು ನಮ್ಮ ಕೈಗೆ ಕೊಟ್ಟವರು ಯಾರು? ನಾವು ಕೂತು ಮಾತಾಡಬೇಕಾಗಿದೆ.

ಮೊದಲೇ ಒಂದು ವಿಷಯ ಸ್ಪಷ್ಟವಾಗಿರಲಿ. ದುಡ್ಡು ಮುಖ್ಯವಲ್ಲ, ಸರಳವಾಗಿ ಬದುಕಿ ಎಂದು ಹೊಟ್ಟೆ ತುಂಬಿದವರು ಮಾಡುವ ಉಪದೇಶವನ್ನು ನಾವಿಲ್ಲಿ ಮಾಡುತ್ತಿಲ್ಲ. ಸರಳ ಬದುಕನ್ನು ನಮ್ಮ ಕೇರಿಗೆ ಯಾರೂ ಕಲಿಸಬೇಕಾಗಿಲ್ಲ. ಕಾಲಿಗೆ ಮೆಟ್ಟು ಹಾಕಿದ್ದಕ್ಕೆ, ಒಳ್ಳೆ ಬಟ್ಟೆ ತೊಟ್ಟಿದ್ದಕ್ಕೆ, ಮದುವೆ ಗಂಡು ಕುದುರೆ ಏರಿದ್ದಕ್ಕೆ ಏಟು ತಿಂದ ಜನ ನಾವು. ಬಾಬಾಸಾಹೇಬರು ಸೂಟು ಬೂಟು ಹಾಕಿದ್ದು ಷೋಕಿಗಾಗಿ ಅಲ್ಲ. ಸೋರದ ಸೂರು, ಅವ್ವನ ಔಷಧಿಗೆ ಕಾಸು, ತಂಗಿಯ ಫೀಸು, ಇವೆಲ್ಲ ನಮ್ಮ ಹಕ್ಕು. ಜೀತದಾಳಿನ ಮಗಳು ಸಂಬಳದ ಪಟ್ಟಿಗೆ ಸಹಿ ಹಾಕುವುದು ಸಣ್ಣ ಮಾತಲ್ಲ.

ಪ್ರಶ್ನೆ ಇರೋದು ಅದಾದ ಮೇಲೆ. ಸಂಬಳವೊಂದೇ ನಮ್ಮನ್ನು ಮನುಷ್ಯರನ್ನಾಗಿ ಕಾಣುವಂತೆ ಮಾಡುತ್ತದೆಯೇ? 1917ರಲ್ಲಿ ಅಂಬೇಡ್ಕರ್ ಬರೋಡಕ್ಕೆ ಹೋದಾಗ ಅವರ ಬಳಿ ಕೊಲಂಬಿಯಾ ವಿಶ್ವವಿದ್ಯಾಲಯದ ಎಂ.ಎ. ಇತ್ತು, ಸಂಸ್ಥಾನದ ನೌಕರಿ ಇತ್ತು. ಇರಲು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಹೆಸರು ಮರೆಸಿಕೊಂಡು ಉಳಿದರು. ಜಾತಿ ತಿಳಿದ ಕೂಡಲೇ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಅಷ್ಟು ಓದಿದವರು ಸಾರ್ವಜನಿಕ ಉದ್ಯಾನದಲ್ಲಿ ಕೂತು ಕಣ್ಣೀರು ಹಾಕಿದರು. ಇವತ್ತೂ ನಮ್ಮವರು ಬಾಡಿಗೆ ಮನೆ ಕೇಳಲು ಹೋದರೆ, ಮನೆ ಮಾಲೀಕರು ಸಂಬಳಕ್ಕಿಂತ ಮುಂಚೆ 'ನೀವು ಯಾವ ಜನ?' ಅಂತಾರೆ. ಒಬ್ಬ ಮೇಲೆ ಹೋದ ಮಾತ್ರಕ್ಕೆ ಜಾತಿಯ ಗೋಡೆ ಬೀಳುವುದಿಲ್ಲ.

ಬರೋಡದಿಂದ ಬಂದ ಆ ಮನುಷ್ಯ ಮುಂದೆ ಏನು ಮಾಡಿದರು ನೋಡಿ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. 1925ರಲ್ಲಿ ಆ ಸಭಾ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆಯಿತು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಶುರುವಾಯಿತು. ವಕೀಲಿಕೆ ಮಾಡಿಕೊಂಡು ಸುಖವಾಗಿರಬಹುದಿತ್ತು, ತನ್ನ ಹಿಂದೆ ಬರುವವರಿಗೆ ಅನ್ನ, ಪುಸ್ತಕ, ಚಾಪೆ ಹೊಂದಿಸಿದರು. ಅದೇ ಅಂಬೇಡ್ಕರ್ 1956ರ ಮಾರ್ಚಿ 18ರಂದು ಆಗ್ರಾದಲ್ಲಿ, ಓದಿದ ನಮ್ಮವರೇ ಸಮುದಾಯವನ್ನು ಮರೆತರೆಂದು ನೊಂದು ಮಾತಾಡಿದರು. ಆ ನೋವು ಯಾರ ಮೇಲಿನದು? ಕೆಲಸ ಸಿಕ್ಕಿದ ಮೇಲೆ ಕೇರಿಯ ದಾರಿ ಮರೆತವರ ಮೇಲಿನದು.

ಈ ಹಾಳು ಅಳತೆಗೋಲು ಮನೆಯೊಳಗೂ ಬಂದಿದೆ. ನಮ್ಮ ಎಷ್ಟೋ ಕೇರಿಗಳಲ್ಲಿ ಹಿಂದೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ ಕೊಡುತ್ತಿದ್ದರು. ಈಗ ನೌಕರಿ ಹಿಡಿದ ಹುಡುಗನಿಗೆ ಬೈಕು, ಬಂಗಾರ, ಲಕ್ಷಗಳ ರೇಟು. ಮೀಸಲಾತಿಯಿಂದ ಬಂದ ಕುರ್ಚಿಯನ್ನು ತೋರಿಸಿ ನಮ್ಮದೇ ಬಡ ಅಪ್ಪನ ಅರ್ಧ ಎಕರೆ ಮಾರಿಸುವವನನ್ನು ಗೆದ್ದವನು ಅನ್ನೋಣವೇ?

ಇನ್ನೊಂದು ಕಡೆ ನೋಡಿ. ಲಕ್ಷಾಂತರ ಜನ ಅರ್ಜಿ ಹಾಕುವ ಕೆಎಎಸ್ ಪರೀಕ್ಷೆಯಲ್ಲಿ ಹುದ್ದೆ ಕೆಲವು ನೂರು. ಯಾರೇ ಬರೆದರೂ ಹೆಚ್ಚಿನವರು ಹೊರಗುಳಿಯಲೇಬೇಕು, ಲೆಕ್ಕವೇ ಹಾಗಿದೆ. ಆದರೂ ನಮ್ಮ ಹುಡುಗ ಹಬ್ಬಕ್ಕೂ ಊರಿಗೆ ಹೋಗದೆ ರೂಮಿನಲ್ಲಿ ಮುಖ ಮುಚ್ಚಿಕೊಂಡು ಮಲಗುತ್ತಾನೆ. ಬದುಕೇ ಬೇಡ ಅನ್ನುವ ಮಟ್ಟಕ್ಕೂ ಹೋಗುತ್ತಾನೆ. ತಮ್ಮಾ, ಎದ್ದು ಬಾ. ಸರ್ಕಾರ ಹುದ್ದೆ ತುಂಬದಿದ್ದರೆ ಅದು ನಿನ್ನ ಸೋಲು ಹೇಗಾದೀತು?

ಆ ಹುಡುಗ ಊರಿಗೆ ಹೋಗಿ ಏನು ಮಾಡಬಲ್ಲ? ಒಂದು ಉದಾಹರಣೆ ಕೊಡುತ್ತೇವೆ. ನಮ್ಮ ಜನಕ್ಕೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸಾಲಕ್ಕೆ, ಸಾರಾಯಿಗೆ, ಹೆಬ್ಬೆಟ್ಟಿಗೆ ಬರೆಸಿಕೊಂಡವರು ಊರೂರಲ್ಲಿ ಇದ್ದಾರೆ. ಮಂಜೂರಾತಿಯ ಷರತ್ತು ಮುರಿದು ಮಾಡಿದ ಪರಭಾರೆ ಸಿಂಧುವಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ತಡವಾಗಿ ಬಂದ ಅರ್ಜಿ ನಿಲ್ಲದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ಎಷ್ಟೋ ಬಡವರ ಕೇಸು ಬಿದ್ದುಹೋದವು. 2023ರಲ್ಲಿ ನಮ್ಮ ರಾಜ್ಯ ಕಾಯ್ದೆ ತಿದ್ದಿ, ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ಇದು ಗುಡಿಸಲ ಮುಂದೆ ಕೂತ ಅಜ್ಜನಿಗೆ ಗೊತ್ತಿಲ್ಲ. ಓದಿದ ಹುಡುಗಿ ಪಹಣಿ ತೆಗೆಸಿ, ಹಳೆ ಸಾಗುವಳಿ ಚೀಟಿ ಹುಡುಕಿ, ಅರ್ಜಿ ಬರೆದರೆ ಎರಡು ಎಕರೆ ವಾಪಸು ಬರುವ ದಾರಿ ತೆರೆಯುತ್ತದೆ. ಅವಳ ಹತ್ತಿರ ಕಾರಿಲ್ಲ, ಸೈಟಿಲ್ಲ. ನಾವು ಅವಳನ್ನು ಗೆದ್ದವಳು ಅಂತೀವಿ.

'ಮನೇಲಿ ಸಾಲ ಇದೆ, ಸಮಾಜ ಆಮೇಲೆ' ಅಂತ ನೀವು ಹೇಳಬಹುದು. ನಿಜ. ಮನೆಯಲ್ಲಿ ಮೊದಲು ಓದಿದವರ ಬೆನ್ನ ಮೇಲೆ ಹತ್ತು ಜನರ ಭಾರ ಇರುತ್ತದೆ. ಅದನ್ನು ಇಳಿಸಿ ಬನ್ನಿ ಅನ್ನಲು ನಮಗೆ ಬಾಯಿಲ್ಲ. ಸಾಲ ತೀರಿಸಿ, ಮನೆ ಕಟ್ಟಿ. ಆದರೆ ತಿಂಗಳಿಗೆ ಒಂದು ಭಾನುವಾರ ಕೇರಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಆಸ್ತಿ ಬೇಕಾಗಿಲ್ಲ. ಸ್ಕಾಲರ್‌ಷಿಪ್ ಅರ್ಜಿ ತುಂಬಿಕೊಡಲು ಸಾಲ ತೀರುವವರೆಗೆ ಕಾಯಬೇಕಾಗಿಲ್ಲ. ವರದಕ್ಷಿಣೆ ಬೇಡ ಎನ್ನಲು ಒಂದು ಕಾಸೂ ಖರ್ಚಿಲ್ಲ.

ಇನ್ನು ಮೇಲೆ 'ಏನು ಮಾಡಿಕೊಂಡೆ?' ಎಂದು ಯಾರಾದರೂ ಕೇಳಿದರೆ, ಅದರ ಜೊತೆ ಇನ್ನೆರಡು ಪ್ರಶ್ನೆ ನಾವೇ ಕೇಳಿಕೊಳ್ಳೋಣ. ನನ್ನ ಹಿಂದೆ ಎಷ್ಟು ಮಂದಿ ಓದಲು ಬಂದರು? ಅನ್ಯಾಯ ನಡೆದಾಗ ನಾನು ಯಾರ ಪಕ್ಕ ನಿಂತೆ? ಈ ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯ ಮಂಜೂರಾತಿ ಜಮೀನು ಯಾರ ಹೆಸರಿನಲ್ಲಿದೆ ನೋಡಿ ಬನ್ನಿ. ಮುಂದಿನ ಸಭೆಗೆ ಪಹಣಿ ತನ್ನಿ, ಜೊತೆಗೆ ಕೂತು ಅರ್ಜಿ ಬರೆಯೋಣ.

ಜೈ ಭೀಮ್.